ಲೋಟದ ನೀರಿನಲ್ಲಿ ಬ್ರೇಕ್ ಎಣ್ಣೆ

ಓಡೈಪಟ್ಟಿ,
ಶನಿವಾರ, 14 ಜೂನ್ 2025

ಪ್ರೀತಿಯ ತಂಗಿ ಜನನಿಗೆ,

ಕೈ ಹೇಗಿದೆ? ಮಣಿಕಟ್ಟಿನ ಪಟ್ಟಿ ಬಿಚ್ಚಿದರೆಂದು ಮಾದವನ್ ಫೋನಿನಲ್ಲಿ ಹೇಳಿದರು. ಬೆರಳು ಮಡಿಸಲು ಬರುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಕೇಳಿದೆ. ನಿನ್ನ ಗಂಡ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟರು. ನೀನು ನನ್ನ ಫೋನು ಎತ್ತುತ್ತಿಲ್ಲ, ಅದಕ್ಕೆ ಕೋಪವಿಲ್ಲ. ಕಾಗದವಾದರೆ ದಿಂಡಿಗಲ್ಲಿನ ನಿನ್ನ ಮನೆಯಲ್ಲಿ ಎಲ್ಲೋ ಬಿದ್ದಿರುತ್ತದೆ, ಬೇಕೆನಿಸಿದಾಗ ಓದಬಹುದು. ಅವ್ವ ಚೆನ್ನಾಗಿದ್ದಾಳೆ, ಅಂದರೆ ಹೊತ್ತಿಗೆ ಸರಿಯಾಗಿ ಅಡುಗೆ ಮಾಡುತ್ತಾಳೆ. ಪನ್ನೀರ್ ದ್ರಾಕ್ಷಿ ಕಟಾವಿಗೆ ಬಂದಿದೆ, ವ್ಯಾಪಾರಿ ನೋಡಿ ಹೋದ. ನಾನು ತೇನಿಗೆ ಆಫೀಸಿಗೆ ಹೋಗಿ ಬರುತ್ತಿದ್ದೇನೆ. ಅಪ್ಪ ಇಲ್ಲದ ಮನೆಯಲ್ಲಿ ಎಲ್ಲವೂ ನಡೆಯುತ್ತಿದೆ. ಯಾರಿಗೂ ಅಳು ಬರುತ್ತಿಲ್ಲ.

ಹೇಳಬೇಕಾದದ್ದು ಕಾರಿನ ವಿಷಯ. ಓದದೆ ಮಡಿಸಿಡಬೇಡ. ಗೂಡಲೂರು ಠಾಣೆಯ ಮುಂದೆ ನಿಂತಿದ್ದ ಕಾರನ್ನು ಕಳೆದ ವಾರ ಬಿಟ್ಟುಕೊಟ್ಟರು. ಕುಮುಳಿ ಘಾಟಿನಲ್ಲಿ ಬಂಡೆಗೆ ಬಡಿದ ಎಡಭಾಗ, ಅಪ್ಪ ಕೂತಿದ್ದ ಕಡೆ, ಪೂರ್ತಿ ಒಳಗೆ ಹೋಗಿದೆ. ನೀನು ಓಡಿಸುತ್ತಿದ್ದ ಕಡೆ ಗಾಜೂ ಒಡೆದಿಲ್ಲ. ಗುಜರಿಗೆ ಹಾಕಿಬಿಡು ಎಂದು ಚಿಕ್ಕಪ್ಪ ಜೆಯಕುಮಾರ್ ಹೇಳಿದರು. ಸಾವಿನ ಮನೆಯಲ್ಲಿ ನಿನಗೆ ಕೇಳುವ ಹಾಗೆ "ಹೆಣ್ಣು ಕೈಗೆ ವಂಡಿ ಕುಡ್ತರೆ ಇಂಗೇ ಆಗೋದು, ಬ್ರೇಕ್ ಅಂತ ಆಕ್ಸಿಲೇಟರ್ ತುಳಿದವಳೆ" ಎಂದವರೂ ಅವರೇ. ನೀನು ಆಸ್ಪತ್ರೆಯಲ್ಲಿ ನನ್ನೊಬ್ಬನಿಗೆ "ಅಣ್ಣಾ, ತುಳಿದೆ. ಹತ್ತಿ ಮೂಟೆ ತುಳಿದಂಗೆ ಕೆಳಕ್ಕೆ ಹೋಯ್ತು" ಎಂದಿದ್ದೆ. ದಿಂಡಿಗಲ್ಲಿಗೆ ಹೊರಡುವ ದಿನ ಅದನ್ನೂ ಬದಲಿಸಿ, "ತುಳಿದೆನೋ ಇಲ್ಲವೋ, ಈಗ ಗೊತ್ತಾಗ್ತಿಲ್ಲ" ಎಂದೆ. ಆ ಮಾತಿಗಾಗಿಯೇ ನಾನು ಕಾರನ್ನು ಗುಜರಿಗೆ ಕೊಡದೆ ತೇನಿಯ ಮೆಕ್ಯಾನಿಕ್ ತಂಗವೇಲ್ ಶೆಡ್ಡಿಗೆ ಎಳೆಸಿಕೊಂಡು ಹೋದೆ.

ತಂಗವೇಲ್ ನಿನಗೆ ಗೊತ್ತು, ಬಾಯಿ ಸುಮ್ಮನಿರುವುದಿಲ್ಲ. "ಎನ್ನ ಸಾರ್, ಇಸ್ತ್ರಿ ಶರ್ಟ್ ಪೋಟ್ಟು ಬ್ರೇಕ್ ಪಾಕ್ಕ ವಂದೀಂಗಳಾ" ಎಂದ, ಇಸ್ತ್ರಿ ಶರ್ಟು ಹಾಕಿಕೊಂಡು ಬ್ರೇಕ್ ನೋಡಲು ಬಂದಿರಾ ಎಂದು ತಮಿಳಿನಲ್ಲಿ ಕಿಚಾಯಿಸಿದ. ಕೀಲಿ ತಿರುಗಿಸಿದಾಗ ಎರಡು ದೀಪ ಉರಿದವು, ಬ್ರೇಕಿನ ಕೆಂಪು ದೀಪ ಮತ್ತು ಎಬಿಎಸ್‌ನ ಹಳದಿ ದೀಪ. ಹ್ಯಾಂಡ್‌ಬ್ರೇಕ್ ಇಳಿಸಿದರೂ ಕೆಂಪು ಆರಲಿಲ್ಲ. ಪೆಡಲನ್ನು ನಾನೇ ತುಳಿದು ನೋಡಿದೆ. ಮೊದಲ ಸಲ ನೆಲದವರೆಗೆ ಹೋಯಿತು. ಮತ್ತೆ ಮತ್ತೆ ತುಳಿದಾಗ ಸ್ವಲ್ಪ ಗಟ್ಟಿಯಾಯಿತು, ಕಾಲು ಹಾಗೇ ಇಟ್ಟರೆ ಮೆಲ್ಲಗೆ ಇಳಿಯಿತು. ಕೊಳವೆಯಲ್ಲಿ ಗಾಳಿ ಸೇರಿದೆ ಎಂದ ತಂಗವೇಲ್. ನಾನು ಪೆಡಲ್ ತುಳಿಯುತ್ತ, ಅವನು ಚಕ್ರದ ಬಳಿ ತಿರುಪು ಸಡಿಲಿಸುತ್ತ, ಗಾಳಿ ತೆಗೆದೆವು. ಪೆಡಲ್ ಹಾಗೇ ಇತ್ತು, ಅವನ ಊಹೆ ತಪ್ಪಾಗಿತ್ತು. ಹಳದಿ ದೀಪಕ್ಕೆ ಕಾರಣ ಎಡ ಚಕ್ರದ ವೈರು, ಅದು ಬಂಡೆಗೆ ಬಡಿದಾಗ ಹರಿದದ್ದು. ಅದನ್ನು ಲೆಕ್ಕದಿಂದ ಬಿಟ್ಟೆವು.

ಆಮೇಲೆ ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದೆವು. ಎಣ್ಣೆ ಗೆರೆಗಿಂತ ಕೆಳಗಿತ್ತು, ಕೆಂಪು ದೀಪ ಉರಿಯುತ್ತಿದ್ದುದು ಅದಕ್ಕೇ. ಮುಚ್ಚಳದೊಳಗಿನ ರಬ್ಬರು ನೆನೆದ ಹಪ್ಪಳದ ಹಾಗೆ ಉಬ್ಬಿ ಸೊಟ್ಟಗಾಗಿತ್ತು. ತಂಗವೇಲ್ ಮೂಸಿ ನೋಡಿದ. ಚಹಾ ಲೋಟದಲ್ಲಿ ನೀರು ತಂದು ಆ ಎಣ್ಣೆಯನ್ನು ಒಂದಿಷ್ಟು ಬಿಟ್ಟ. ಬ್ರೇಕ್ ಎಣ್ಣೆ ನೀರಿನಲ್ಲಿ ಬೆರೆತುಹೋಗುತ್ತದಂತೆ. ಇದರಲ್ಲಿ ಅರ್ಧ ಬೆರೆಯಿತು, ಅರ್ಧ ಮೇಲೆ ತೇಲಿತು. ತೇಲಿದ್ದು ಟ್ರ್ಯಾಕ್ಟರ್ ಎಣ್ಣೆ. ಅದು ಬ್ರೇಕಿನೊಳಗಿನ ರಬ್ಬರನ್ನೂ ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಒತ್ತಡ ನಿಲ್ಲುವುದಿಲ್ಲ, ಎಣ್ಣೆಯೂ ಸೋರುತ್ತದೆ. ಊರೊಳಗೆ ಗೊತ್ತಾಗುವುದಿಲ್ಲ, ಘಾಟು ಇಳಿಯುತ್ತ ತಿರುವು ತಿರುವಿಗೂ ತುಳಿದಾಗ ಒಮ್ಮೆಗೇ ಕೈಕೊಡುತ್ತದೆ.

ಯಾರು ಹಾಕಿದರೆಂದು ಹುಡುಕಬೇಕಾಗಿರಲಿಲ್ಲ. ನಮ್ಮ ಮನೆಯಿಂದ ಯಾವ ಗಾಡಿ ಘಾಟು ಹತ್ತಿದರೂ ಹಿಂದಿನ ದಿನ ಅಪ್ಪನೇ ಬಾನೆಟ್ ಎತ್ತಿ, ಕಡಿಮೆಯಾದದ್ದನ್ನು ತನ್ನ ಕೈಯಾರೆ ತುಂಬಿಸಬೇಕು. ಆಮೇಲೆಯೇ ಚಕ್ರದಡಿ ನಿಂಬೆಹಣ್ಣು. ನಮ್ಮ ಟ್ರ್ಯಾಕ್ಟರಿಗೆ ಗೇರಿಗೂ ಲಿಫ್ಟಿಗೂ ಬ್ರೇಕಿಗೂ ಒಂದೇ ಎಣ್ಣೆ. ಅಷ್ಟು ವರ್ಷ ಅದನ್ನೇ ತುಂಬಿಸಿದ ಮನುಷ್ಯ ಕಾರಿನ ಕೆಂಪು ದೀಪ ಕಂಡು ಅದನ್ನೇ ಹಾಕಿದ್ದಾರೆ. ದೀಪ ಆರಿರಬೇಕು, ಅವರಿಗೆ ಸಮಾಧಾನವೂ ಆಗಿರಬೇಕು.

ಆದ್ದರಿಂದ ಜನನಿ, ನೀನು ತುಳಿದದ್ದು ಬ್ರೇಕನ್ನೇ. ಅದು ಹಿಡಿಯಲಿಲ್ಲ. ನೀನು ಬಂಡೆಯ ಕಡೆ ತಿರುಗಿಸದೆ ಇದ್ದಿದ್ದರೆ ಬಲಕ್ಕೆ ಕಣಿವೆ ಇತ್ತು. ಮಾರನೆಯ ದಿನ ಚಿಕ್ಕಪ್ಪನನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಪೆಡಲ್ ತುಳಿಸಿದೆ, ಲೋಟ ತೋರಿಸಿದೆ. ಕೈ ತೊಳೆದುಕೊಂಡು, "ಪಾಪ, ಅಣ್ಣ" ಎಂದರು. ನಿನ್ನ ಹೆಸರು ಎತ್ತಲಿಲ್ಲ. ಎತ್ತಬೇಕಿತ್ತು. ಇದನ್ನೆಲ್ಲ ತಿಳಿದು ನನಗೆ ಹಗುರವಾಗುತ್ತದೆ ಎಂದುಕೊಂಡಿದ್ದೆ, ಆಗಿಲ್ಲ. ನಿನಗಾದರೂ ಆಗಲಿ. ಅವ್ವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅವಳಿಗೆ ಅಪ್ಪ ಎಂದರೆ ಎಲ್ಲವನ್ನೂ ಎರಡು ಸಲ ನೋಡುವ ಮನುಷ್ಯ, ಹಾಗೇ ಇರಲಿ.

ಮಾದವನ್‌ಗೆ ನನ್ನ ನಮಸ್ಕಾರ ತಿಳಿಸು. ಕೈಗೆ ಬಿಸಿನೀರಿನ ಶಾಖ ಬಿಡಬೇಡ. ನೀನು ಹೊತ್ತಿಗೆ ಉಂಡು ಮಲಗಿದರೆ ನನಗೆ ಅಷ್ಟೇ ಸಾಕು.

ನಿನ್ನ ಅಣ್ಣ,
ರಾಜಾ

ವಿ.ಸೂ.: ಕಾಗದ ಮಡಿಸುವಾಗ ಅವ್ವ ಬಂದು, ಶೆಡ್ಡಿನಲ್ಲಿ ಏನು ಗೊತ್ತಾಯಿತು ಎಂದು ಕೇಳಿದಳು. ಚಿಕ್ಕಪ್ಪ ಏನೋ ಬಾಯಿಬಿಟ್ಟಿದ್ದಾರೆ. ನನಗೆ ಸುಳ್ಳು ಹೇಳಲು ಆಗಲಿಲ್ಲ. ಕೇಳಿ ಕೂತುಬಿಟ್ಟಳು. "ಅವರು ದೀಪ ಉರೀತದೆ, ಎಣ್ಣೆ ಎತ್ತಿ ಕುಡು ಅಂದ್ರು. ಆ ಕ್ಯಾನ್ ತಂದು ಕುಡ್ತದ್ದು ನಾನೇ ರಾಜಾ" ಎಂದಳು. ಆಗಿನಿಂದ ಏನೂ ತಿಂದಿಲ್ಲ. ನಿನ್ನ ತಪ್ಪಲ್ಲ ಎಂದು ನಾನು ಹೇಳಿದರೆ, "ನೀನು ಆ ಕಾರಿನಲ್ಲಿದ್ದೆಯಾ" ಎಂದು ನನ್ನನ್ನೇ ಕೇಳುತ್ತಾಳೆ. ಇದನ್ನು ಅಂಚೆಗೆ ಹಾಕದೆ ದಿಂಡಿಗಲ್ ಬಸ್ಸಿನ ಕಂಡಕ್ಟರ್ ಸೆಂದಿಲ್‌ಕುಮಾರ್ ಕೈಗೆ ಕೊಡುತ್ತಿದ್ದೇನೆ. ಅವನ ಬಸ್ಸು ಸಂಜೆ ತೇನಿಗೆ ಹಿಂತಿರುಗುತ್ತದೆ. ಅದರಲ್ಲೇ ಬಾ. ಆ ಕಾರಿನಲ್ಲಿದ್ದು ಉಳಿದವಳು ನೀನೊಬ್ಬಳೇ, ನೀನು ಹೇಳಿದರೆ ಅವಳು ನಂಬಿಯಾಳು.