ಲೋಬಾನದ ಹೊಗೆ ಕುಡಿದ ಕಂಪ್ಯೂಟರು

ಇಬ್ರಾಹಿಂಪುರ, ವಿಜಯಪುರ
ಶುಕ್ರವಾರ, 13 ಫೆಬ್ರವರಿ 2026

ಪ್ರೀತಿಯ ತಮ್ಮ ಅಕ್ರಮನಿಗೆ ನಿನ್ನ ಯಾಸ್ಮೀನ ಆಪಾಳ ಸಲಾಮು.

ಹೇಗಿದ್ದೀಯೋ? ಬೂಟು ಕಚ್ಚಿದ ಹಿಮ್ಮಡಿ ಮಾಯಿತೇ? ಪೊಲೀಸ್ ತರಬೇತಿಯಲ್ಲಿ ಹಾಕುವ ಅನ್ನ ಹೊಟ್ಟೆಗೆ ಹತ್ತುತ್ತಿದೆಯೋ ಇಲ್ಲವೋ, ರೊಟ್ಟಿ ತಿಂದು ಬೆಳೆದವನು ನೀನು. ಭಾನುವಾರದ ಫೋನಿನಲ್ಲಿ ‘ಆರಾಮ ಅದೀನಿ ಆಪಾ’ ಅನ್ನುವುದರೊಳಗೆ ನಿನ್ನ ಹಿಂದೆ ನಿಂತವರು ‘ಬಿಡಲೇ, ನನ್ನ ಪಾಳಿ’ ಎಂದು ಒದರುತ್ತಾರೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಇಲ್ಲಿ ಅಬ್ಬಾ ಆರಾಮ, ಅಮ್ಮಿ ಆರಾಮ. ನಾನೂ ಈಗ ಆರಾಮ. ಮಂಗಳವಾರ ಮಾತ್ರ ಇರಲಿಲ್ಲ.

ನೀನು ಒಂದೊಂದೇ ಭಾಗ ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರು ಮಂಗಳವಾರ ಬೆಳಿಗ್ಗೆ ಏಳಲೇ ಇಲ್ಲ. ತಿಕೋಟಾದ ಪ್ರೆಸ್ಸಿನ ಗುರಲಿಂಗಪ್ಪನವರು ನನಗೆ ಲಗ್ನಪತ್ರಿಕೆ ಮಾಡುವ ಕೆಲಸ ಕೊಡಲು ಶುರು ಮಾಡಿದ್ದೇ ಈಚೆಗೆ. ಬಬಲೇಶ್ವರದ ಯಲಗೂರಪ್ಪನವರ ಮಗಳು ಲಲಿತಾಳ ಪತ್ರಿಕೆ ಪೂರಾ ಆ ಮಷೀನಿನ ಹೊಟ್ಟೆಯಲ್ಲಿತ್ತು. ಅವರ ಮನೆಯಲ್ಲಿ ಮೊದಲ ಪತ್ರಿಕೆಯನ್ನು ಮನೆದೇವರ ಮುಂದಿಟ್ಟ ಮೇಲೆಯೇ ಬೀಗರಿಗೆ ಹಂಚುವುದು, ಬುಧವಾರ ಬೆಳಿಗ್ಗೆ ದೇವರಿಗೆ ಹೊರಡುವವರಿದ್ದರು. ಫೋನು ಮಾಡಿದರೆ ಗುರಲಿಂಗಪ್ಪನವರು ಸಿಟ್ಟಾಗಲಿಲ್ಲ, ಅದೇ ನನಗೆ ಹೆದರಿಕೆ. ‘ಸಂಜೀ ಮಟಾ ನೋಡ್ತೀನಿ ತಂಗಿ. ಆಗ್ಲಿಲ್ಲಂದ್ರ ಬ್ಯಾರೇದವ್ರಿಗೆ ಕೊಡ್ತೀನಿ. ಮುಂದಿನ ಕೆಲಸಾನೂ ಅವ್ರ ಕಡೇನ ಹೋಗ್ತಾವ’ ಎಂದರು. ಅಥಣಿ ರಸ್ತೆಯ ರಿಪೇರಿ ಅಂಗಡಿಯವನು ‘ಇಟ್ಟು ಹೋಗ್ರಿ, ಸೋಮವಾರ ನೋಡೂಣು’ ಎಂದ. ಇಷ್ಟು ಸಾಲದು ಎಂಬಂತೆ ಅಬ್ಬಾ ಬೇರೆ, ‘ರಿಪೇರಿ ಬರಲಾರದ ಮಷೀನ ಇಟ್ಕೊಂಡು ಧಂದೆ ಮಾಡಬಾರದವಾ, ಬಿಟ್ಟುಬಿಡು’ ಅಂದರು. ಮೈಯೆಲ್ಲ ಉರಿದುಹೋಯಿತು ನೋಡು!

ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಒಳಗಿನಿಂದ ಪೀಂ ಪೀಂ ಎಂದು ಬಿಡದೆ ಕೂಗು. ಪರದೆಯ ವೈರು ಬಿಚ್ಚಿ ಹಾಕಿದೆ, ಪ್ಲಗ್ಗು ಬದಲಿಸಿದೆ, ಬೈದೆ, ರಮಿಸಿದೆ. ಆಗ ಅದನ್ನು ಜೋಡಿಸಿದ ದಿನ ನೀನು ಅಂದದ್ದು ನೆನಪಾಯಿತು: ‘ಆಪಾ, ಇದು ಕೂಗಿದ್ರ ಹೆದರಬ್ಯಾಡ. ಎಲ್ಲಿ ನೋವಾಗೇತಿ ಅಂತ ಹೇಳಾಕತ್ತೈತಿ ಅಂತ ತಿಳಿ. ಸುಮ್ಮ ಕುಂತ್ರ ಹೆದರು.’ ಹೀಗೆ ಬಿಡದೆ ಕೂಗಿದರೆ ರ‍್ಯಾಮ್ ಪಟ್ಟಿಯ ತಕರಾರು ಎಂದೂ ಹೇಳಿದ್ದೆ. ಸರಿ, ‘ಯಾರೂ ಮುಟ್ಟಬಾರದು’ ಎಂದು ನೀನು ಅಂಟಿಸಿದ ಚೀಟಿಯನ್ನೇ ಹರಿದು, ಕರೆಂಟಿನ ವೈರು ಕಿತ್ತು, ಬಿಸ್ಮಿಲ್ಲಾ ಎಂದು ಬಗಲಿನ ಬಾಗಿಲು ತೆಗೆದೆ. ಬೇಕಾದರೆ ಬಂದು ಜಗಳವಾಡು.

ಒಳಗೆ ಧೂಳಿರುತ್ತದೆ ಅಂದುಕೊಂಡಿದ್ದೆ. ಇದು ಧೂಳಲ್ಲ ಮಾರಾಯ, ಕೈಗೆ ಅಂಟುವ ಕಂದು ಮಸಿ. ಮೂಗಿನ ಹತ್ತಿರ ಹಿಡಿದರೆ ದರ್ಗಾದ ವಾಸನೆ! ಗೊತ್ತಾಯಿತೇ? ಅಮ್ಮಿಯ ಗುರುವಾರದ ಲೋಬಾನ! ಸಂಜೆ ನಾನು ರೊಟ್ಟಿ ಬಡಿಯಲು ಕುಳಿತ ಹೊತ್ತಿಗೆ ಆಕೆ ಕೆಂಡದ ಮೇಲೆ ಲೋಬಾನ ಉದುರಿಸಿಕೊಂಡು ಮನೆಯೆಲ್ಲ ತಿರುಗುತ್ತಾಳಲ್ಲ, ನಾನು ಮಷೀನು ಆರಿಸದೆ ಎದ್ದಿರುತ್ತೇನೆ, ಅದರ ಫ್ಯಾನು ಅಷ್ಟೂ ಹೊಗೆಯನ್ನು ಒಳಗೆ ಎಳೆದುಕೊಂಡಿದೆ. ನೀನು ಹೇಳಿದ ಆ ರ‍್ಯಾಮ್ ಪಟ್ಟಿ ಬಿಚ್ಚಿ, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ತಿಕ್ಕಿದೆ. ತಿರುಗಿ ಕೂಡಿಸಿ ಒತ್ತಿದರೆ ಟಕ್ ಎಂದಿತು. ಕರೆಂಟಿನ ವೈರು ಸಿಕ್ಕಿಸಿ ಗುಂಡಿ ಒತ್ತಿದೆ ಕಣೋ. ಒಂದೇ ಒಂದು ಸಣ್ಣ ಪೀಂ, ಆಮೇಲೆ ಪರದೆಯ ತುಂಬ ಬೆಳಕು! ‘ಅಬ್ಬಾ!’ ಎಂದು ನಾನು ಚೀರಿದ್ದಕ್ಕೆ ಅಬ್ಬಾ ಕರೆಂಟು ಹೊಡೆಯಿತೆಂದು ಬರಿಗಾಲಲ್ಲಿ ಓಡಿ ಬಂದರು.

ಲಲಿತಾಳ ಪತ್ರಿಕೆ ಸಂಜೆಯೊಳಗೆ ತಿಕೋಟಾ ಮುಟ್ಟಿತು, ಬುಧವಾರ ದೇವರನ್ನೂ ಮುಟ್ಟಿತು. ನಿನ್ನೆ ಗುರಲಿಂಗಪ್ಪನವರು ತೊರವಿಯ ಒಂದು ಮನೆಯ ಗೃಹಪ್ರವೇಶದ ಪತ್ರಿಕೆಯನ್ನೂ ನನಗೇ ಕೊಟ್ಟರು. ಈಗ ಅಬ್ಬಾ ಬಂದವರ ಮುಂದೆಲ್ಲ ‘ನಮ್ಮ ಹುಡುಗಿ ರಿಪೇರಿನೂ ಮಾಡ್ತಾಳ್ರಿ’ ಅನ್ನುತ್ತಾರೆ. ಕೇಳಿ ಕೇಳಿ ನನಗೇ ನಾಚಿಕೆ. ಅಮ್ಮಿಗೆ ಮಾತ್ರ ನಾನು ಧೂಳು ಎಂದಷ್ಟೇ ಹೇಳಿದ್ದೇನೆ, ನೀನೂ ಬಾಯಿ ಬಿಡಬೇಡ. ಇನ್ನು ಮೇಲೆ ಗುರುವಾರ ಸಂಜೆ ಮಷೀನು ಆರಿಸಿ, ಹಳೆಯ ದುಪಟ್ಟಾ ಹೊದಿಸಿಯೇ ಒಲೆಯ ಕಡೆ ಹೋಗುವುದು.

ಬಿಸಿಲಲ್ಲಿ ಕವಾಯತು ಮಾಡುತ್ತೀಯಾ, ನೀರು ಕುಡಿಯುತ್ತಿರು. ಅಲ್ಲಾಹ್ ನಿನ್ನ ಕಾಲಿಗೂ ಕೈಗೂ ಬಲ ಕೊಡಲಿ. ಅಬ್ಬಾ, ಅಮ್ಮಿ ದುವಾ ಹೇಳಿದ್ದಾರೆ.

ನಿನ್ನ ಮಷೀನಿನ ಈಗಿನ ಮಾಲಕಿ,
ಯಾಸ್ಮೀನ

ತಾ.ಕ.: ಅಂಚೆಯವನು ಬರುವ ಹೊತ್ತು, ಬೇಗ ಬರೆಯುತ್ತೇನೆ. ಮನೆಯೆಲ್ಲ ಹೊಗೆ ಆಡುವಾಗ ಇದೊಂದಕ್ಕೇ ಅಷ್ಟು ಮಸಿ ಯಾಕೆ ಎಂದು ನನಗೆ ತಿಳಿದಿರಲಿಲ್ಲ. ನಿನ್ನೆ ದುಪಟ್ಟಾ ಹೊದಿಸುವುದು ಮರೆತು ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಅಮ್ಮಿ ಮಷೀನಿಗೆ ಹೊಗೆ ಕೊಡುತ್ತಿರಲಿಲ್ಲ. ಅದರ ಮುಂದೆ ನೀನು ಕೂರುತ್ತಿದ್ದ ಕುರ್ಚಿಯ ಬೆನ್ನ ಮೇಲೆ ಒಂದು ಕೈಯಿಟ್ಟು, ಇನ್ನೊಂದರಲ್ಲಿ ಹೊಗೆಯಾಡುವ ಕೆಂಡ ಹಿಡಿದು ಸುಮ್ಮನೆ ನಿಂತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಕೆಂಡ ಆರುವ ತನಕ ಆಕೆ ಅಲ್ಲಿಂದ ಕದಲಲಿಲ್ಲ. ಅಳಲಿಲ್ಲ, ಒಂದು ಮಾತೂ ಆಡಲಿಲ್ಲ. ಭಾನುವಾರ ಫೋನು ಕೊಡಲು ಹೋದರೆ ‘ನೀನ ಮಾತಾಡು, ಅವನ ಟೈಮ್ ಹೋಗ್ತೈತಿ’ ಎಂದು ನನ್ನ ಕಡೆಗೇ ನೂಕುತ್ತಾಳೆ. ಸುಮ್ಮನೆ ಕೂತರೆ ಹೆದರು ಅಂದಿದ್ದೆಯಲ್ಲೋ ಅಕ್ರಮ, ನನಗೆ ಹೆದರಿಕೆಯಾಗಿದೆ. ಈ ಪತ್ರ ಸಿಕ್ಕ ಭಾನುವಾರ ಮಷೀನಿನ ಸುದ್ದಿ ಕೇಳಬೇಡ, ನನ್ನನ್ನೂ ಕೇಳಬೇಡ. ‘ಅಮ್ಮಿಗೆ ಕೊಡು’ ಅನ್ನು. ಹಿಂದಿನವರು ಎಷ್ಟಾದರೂ ಒದರಲಿ, ಆಕೆ ನಿನ್ನನ್ನು ಬೈಯುವವರೆಗೂ ಫೋನು ಬಿಡಬೇಡ.