ಕೊನೆಗೆ ಇಸ್ತ್ರಿ ಮಾಡುವ ಬಟ್ಟೆ

ಮಂಗಳವಾರ, ಹದಿನಾಲ್ಕು.

ಇವತ್ತು ವಕೀಲರ ಬಿಳಿ ಅಂಗಿ ಸುಟ್ಟೆ. ಏಣಿಯಿಂದ ಬಿದ್ದು ತಲೆಗೆ ಪೆಟ್ಟಾಗಿ ಮೂಗು ಸತ್ತ ಮೇಲೆ ಇದು ಮೂರನೆಯದು. ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಸೀದ ವಾಸನೆಗೆ ಓಡಿಬಂದಳು. ಇಸ್ತ್ರಿಪೆಟ್ಟಿಗೆ ಹಿಡಿದು ನಿಂತ ನನಗೆ ಗೊತ್ತೇ ಆಗಿರಲಿಲ್ಲ. "ಕಣ್ಣಾದ್ರೂ ನೆಟ್ಟಗಿಡಬಾರ್ದಾ" ಎಂದಳು.

ಅಂಗಿ ಹಾಳಾಗಲಿ. ಮದುವೆಯಾದಂದಿನಿಂದ ಅವಳ ಬಟ್ಟೆಯನ್ನು ಗಿರಾಕಿಗಳದ್ದೆಲ್ಲ ಮುಗಿದ ಮೇಲೆ, ಕೊನೆಗೆ ಇಸ್ತ್ರಿ ಮಾಡುತ್ತೇನೆ. ನೀರು ಚಿಮುಕಿಸಿ ಒತ್ತಿದಾಗ ಏಳುವ ಹಬೆಯಲ್ಲಿ, ಎಷ್ಟೇ ಒಗೆದಿದ್ದರೂ, ಅವಳ ವಾಸನೆ ಇರುತ್ತಿತ್ತು. ದಿನದ ಕೂಲಿ ಅದೇ ಎಂದುಕೊಳ್ಳುತ್ತಿದ್ದೆ. ಇವತ್ತೂ ಮುಖ ಬಗ್ಗಿಸಿ ನಿಂತೆ. ಬರೀ ಬಿಸಿ.

ನಾಚಿಕೆ ಬಿಟ್ಟು ಕೇಳಿದೆ. "ನಿನ್ನ ವಾಸನೆ ಹೇಗಿತ್ತು, ಸ್ವಲ್ಪ ಹೇಳೇ."

ನಕ್ಕಳು. "ನನ್ನ ವಾಸನೆ ನನಗೆ ಹೇಗ್ರೀ ಗೊತ್ತಾಗುತ್ತೆ? ಅದು ಗೊತ್ತಿದ್ದಿದ್ದು ನಿಮಗೊಬ್ರಿಗೇ."

ಹೇಳಿದ ಮೇಲೆ ಅವಳ ನಗು ನಿಂತಿತು.

ಈಗ ಮಲಗಿದ್ದಾಳೆ. ನಾನು ಕಣ್ಣು ಮುಚ್ಚಿ ನೆನಪಿಸಿಕೊಳ್ಳುತ್ತಿದ್ದೇನೆ. ಸೋಪಿನದಲ್ಲ, ತಲೆಗೆ ಹಚ್ಚುವ ಎಣ್ಣೆಯದೂ ಅಲ್ಲ. ಬೇರೆ ಏನೋ, ಸ್ವಲ್ಪ ಬೆಚ್ಚಗೆ, ಸ್ವಲ್ಪ...