ಮಡಕೆಯ ಅಡಿಯಲ್ಲಿ

ರಾಮನಗರ
೧೮ ಜನವರಿ ೨೦೨೫

ಪ್ರೀತಿಯ ತಂಗಿ ಧನುಗೆ,

ಮಾಗಡಿ ಸೀಮೆಯ ಸಮಸ್ತರಿಗೂ ಈ ಮೂಲಕ ಪ್ರಕಟಿಸುವುದೇನೆಂದರೆ, ನಮ್ಮ ನಡುಮನೆಯ ಹಲ್ಲಿ ಮನೆ ಖಾಲಿ ಮಾಡಿದೆ. ಅಪ್ಪ ಬರೆದ ಅವ್ವನ ಚಿತ್ರದ ಹಿಂದೆ ಬಾಡಿಗೆಯಿಲ್ಲದೆ ಸಂಸಾರ ಮಾಡಿಕೊಂಡಿತ್ತು. ಚಿತ್ರ ಇಳಿಸಿದಾಗ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ.

ಬೆಂಗಳೂರಿನಲ್ಲಿ ಅಪ್ಪನಂಥ ಹಳೆಯ ಡ್ರಾಯಿಂಗ್ ಮೇಷ್ಟ್ರುಗಳ ಚಿತ್ರ ಪ್ರದರ್ಶನವಂತೆ. ಚಿತ್ರ ಶುಚಿ ಮಾಡುವ ಹುಡುಗಿ ರಮ್ಯಾ ಬಂದು ಒಯ್ದಳು. ನಿಮ್ಮ ತಂದೆ ಮೊದಲು ಪಟೇಲರನ್ನು ಕೋಟಿನ ಗುಂಡಿ ಸಮೇತ ಬರೆಯುತ್ತಿದ್ದವರು, ೧೯೫೮ರಲ್ಲಿ ಒಮ್ಮೆಲೇ ಇಂಥದ್ದು ಬರೆದು, ಆಮೇಲೆ ಸಾಯುವತನಕ ಬರೀ ಬೆಟ್ಟ ಬಂಡೆ ಯಾಕೆ ಬರೆದರು ಸಾರ್ ಎಂದು ಕೇಳಿದಳು. ಬಂಡೆ ಅಲುಗಾಡದೆ ಕೂರುತ್ತದಮ್ಮ ಎಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ಚಿತ್ರದಲ್ಲಿ ಅವ್ವ ಮಡಿಲಲ್ಲಿ ಮಡಕೆ ಇಟ್ಟುಕೊಂಡು, ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ಹಾಡುತ್ತಾಳೆ. ಹಾಡು ಅಂತ ನಾವೇ ಬಂದವರಿಗೆಲ್ಲ ಹೇಳಿದ್ದು. ಅವ್ವ ಹಾಡಿದ್ದನ್ನು ಎಂದಾದರೂ ಕೇಳಿದ್ದೀಯಾ? ಮಡಕೆ ಆಮೇಲೆ ಬಳಿದದ್ದು, ಅಡಿಯಲ್ಲಿ ಇನ್ನೇನೋ ಇದೆ, ತೆಗೆಯಲೇ ಎಂದು ರಮ್ಯಾ ಫೋನು ಮಾಡಿದಳು. ಅವ್ವನನ್ನು ಕೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಕೂಸು ಕಣ್ಲಾ. ನಿಮ್ಗಿಂತ ಮುಂಚೆ ಒಂದಿತ್ತು, ಜ್ವರದಲ್ಲಿ ಹೋಯ್ತು. ನೋಡಕ್ಕಾಗ್ದೆ ನಾನೇ ಮುಚ್ಚುಸ್ದೆ. ಈಗ ತೆಗ್ಸು. ಅದ್ರ ಮೊಕ ಮರ್ತೋಗೈತೆ.”

ಫೋಟೋ ಗೀಟೋ ಇಲ್ಲ ಧನು. ಆ ಮುಖ ಇದ್ದರೆ ಅಲ್ಲೇ ಇರಬೇಕು.

ನಿನ್ನೆ ಅವ್ವನನ್ನು ಬೆಂಗಳೂರಿಗೆ, ರಮ್ಯಾ ಹತ್ತಿರ ಕರೆದುಕೊಂಡು ಹೋದೆ. ಮಡಕೆ ಹೋಗಿತ್ತು. ಮುಖ ಇರಲಿಲ್ಲ. ತಲೆಯಿಂದ ಕಾಲಿನವರೆಗೂ ಬಟ್ಟೆ ಸುತ್ತಿಯೇ ಬರೆದಿದ್ದಾರೆ ಅಪ್ಪ. ಮೇಲೆ ದುಂಡಗೆ, ಎಡಕ್ಕೆ ಒಸಿ ವಾಲಿದ ಬೂದು ಗಂಟು. ಆ ಆಕಾರವನ್ನು ಅಪ್ಪನ ಒಂದೊಂದು ಬೆಟ್ಟದ ಮೇಲೂ ನೋಡಿದ್ದೇನೆ, ನೀನೂ ನೋಡಿದ್ದೀಯ.

ಅವ್ವ ನನಗಿಂತ ಮುಂಚೆ ಗುರುತು ಹಿಡಿದಳು. “ಮೇಷ್ಟ್ರು ಬಂಡೆ ಬರ್ದೇ ಇಲ್ಲ ಕಣ್ಲಾ,” ಎಂದಳು. ಅಳಲಿಲ್ಲ. “ಎಲ್ಲಾ ಬೆಟ್ಟಾನೂ ತರ್ಸು. ಒಂದ್ರಲ್ಲಾದ್ರೂ ಮೊಕ ಬರ್ದಿರ್ತಾರೆ” ಎಂದಳು.

ಇದು ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಕಾಗದ.

ನಿನ್ನ ಅಣ್ಣ,
ಮುನೇಶ

ಮರೆತ ಮಾತು: ವಾಪಸು ಬರುವಾಗ ಕಾರಿನಲ್ಲಿ ಅವ್ವ “ಮುನೇಶ” ಎಂದಳು. ಏನವ್ವ ಎಂದೆ. “ನಿನ್ನಲ್ಲ ಕಣ್ಲಾ, ಆ ಕೂಸ್ನ” ಎಂದಳು. ಅರವತ್ತು ದಾಟಿದ ಮೇಲೆ, ನನ್ನ ಹೆಸರಿನಲ್ಲೂ ನಾನು ಬಾಡಿಗೆಗಿದ್ದೆ ಎಂದು ತಿಳಿಯಿತು. ಇರಲಿ. ನಿನ್ನ ಫ್ರಿಜ್ಜಿನ ಮೇಲಿರುವ ಅಪ್ಪನ ಸಾವನದುರ್ಗ ಬೆಟ್ಟದ ಚಿತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡ. ಹಳೇ ಸೀರೆಯಲ್ಲಿ ಮೆತ್ತಗೆ ಸುತ್ತಿ, ನಿನ್ನ ಮಗ ಸಿದ್ಧಾರ್ಥನ ಕೈಲಿ ಕಳಿಸು.